ಪೆಡಲ್ ದೋಣಿಗೆ ಶಕುನ

ಕ್ವಾಲಿಸ್ ಕಾರಿನ ತಲೆಯ ಮೇಲೆ ಹಳದಿ ದೋಣಿಯನ್ನು ಹಗ್ಗ ಹಾಕಿ ಬಿಗಿದದ್ದಾಯಿತು. ಬೋರಮ್ಮ ಸ್ಟೂಲ್ ಹತ್ತಿ ದೋಣಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿದಳು. ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡಬೇಕೆಂದು ತಿಳಿಯದೆ, ಕೊನೆಗೆ ಎರಡು ಪೆಡಲುಗಳ ಕೆಳಗೂ ಒಂದೊಂದು ಸಿಕ್ಕಿಸಿದಳು. ಅನ್ನಪೂರ್ಣೇಶ್ವರಿ ನಗರದ ಆ ಬೀದಿಯ ಬಾಡಿಗೆದಾರರೆಲ್ಲ ಬೆಳಗ್ಗೆಯೇ ಬಾಗಿಲಿಗೆ ಬಂದು ಬೀಳ್ಕೊಡಲು ನಿಂತಿದ್ದರು. ಕಾರಿನ ಮುಂದಿನ ಸೀಟಿನಲ್ಲಿ ಕೂತ ಅವಳ ಮಗ ಭೈರೇಶ ಮಾತ್ರ ಬೆಕ್ಕಿಗಾಗಿ ಕಾಯುತ್ತಿದ್ದ.

ಒಂದೇ ಒಂದು ಬೆಕ್ಕು ಅಡ್ಡ ಹೋಗಿದ್ದರೆ ಸಾಕಿತ್ತು. ಬೆಕ್ಕು ಅಡ್ಡ ಬಂತೆಂದು ಹೋದ ವರ್ಷ ತಿರುಪತಿ ಪ್ರಯಾಣವನ್ನೇ ನಿಲ್ಲಿಸಿದವಳು ಅವನವ್ವ. ಆದರೆ ಇವತ್ತು ಆ ದರಿದ್ರ ಬೆಕ್ಕು ಕಾಂಪೌಂಡ್ ಗೋಡೆಯ ಮೇಲೆ ಗೊರಕೆ ಹೊಡೆಯುತ್ತಿತ್ತು. ಅದರ ಬದಲು ಎದುರಿಗೆ ಹಸು ಬಂತು, ಅದರ ಹಿಂದೆಯೇ ತುಂಬಿದ ಕೊಡ ಹೊತ್ತ ಮುತ್ತೈದೆ ಬಂದಳು. ಶುಭಶಕುನದ ಮೇಲೆ ಶುಭಶಕುನ. ಭೈರೇಶನಿಗೆ ಅಳುವೊಂದು ಬಾಕಿ.

ತಪ್ಪು ಅವನದೇ. ಕೂತುಕೊಂಡು ಕಾಲಲ್ಲಿ ಪೆಡಲ್ ತುಳಿದರೆ ಓಡುವ ದೋಣಿ, ಎರಡೂ ಕೈ ಗಾಳ ಹಿಡಿಯಲು ಖಾಲಿ ಎಂಬ ಜಾಹೀರಾತು ನೋಡಿ ಹಟ ಹಿಡಿದು ತರಿಸಿಕೊಂಡಿದ್ದ. 'ಭಾನುವಾರ ಮುರುಡೇಶ್ವರದ ಸಮುದ್ರದೊಳಕ್ಕೆ ನುಗ್ತೀನಿ, ಮನೆಗೊಂದು ತುಂಡು ಅಂಜಲ್ ಮೀನು ತರ್ತೀನಿ' ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ವಿಜಯನಗರದ ಸೈಬರ್ ಸೆಂಟರಿನಲ್ಲಿ ಕೂತು ನೋಡಿದರೆ, ಯಾರೋ ಪರದೇಶದವನು ಬರೆದಿದ್ದ: ಪೆಡಲ್ ತುಳಿದಾಗ ದೋಣಿಯ ತಳದಲ್ಲಿ ರೆಕ್ಕೆಗಳು ಬಡಿಯುತ್ತವೆ, ಗಾಯಗೊಂಡ ಮೀನು ಒದ್ದಾಡುತ್ತಿದೆ ಎಂದುಕೊಂಡು ಶಾರ್ಕ್ ಬರುತ್ತದೆ. ಅದರ ಕೆಳಗೇ ಇನ್ನೊಬ್ಬ, 'ಸುಳ್ಳು, ನಾನು ವರ್ಷಗಟ್ಟಲೆ ತುಳಿದಿದ್ದೇನೆ, ಒಂದೂ ಬಂದಿಲ್ಲ' ಎಂದು ಬರೆದಿದ್ದ. ಭೈರೇಶ ಎರಡನೆಯವನನ್ನು ನಂಬಲಿಲ್ಲ. ಶಾರ್ಕ್ ಬಾಯಿಗೆ ಸಿಕ್ಕವನು ಬಂದು ಬರೆಯುತ್ತಾನೆಯೇ?

"ಅಲ್ಲ ಸ್ಪಂದನ, ಆ ಶಾರ್ಕ್ ವಿಷಯ ಇನ್ನೊಂದ್ಸಲ ವಿಚಾರಿಸ್ಬೇಕಿತ್ತೇನೋ" ಎಂದ ಮೆಲ್ಲಗೆ.

ಸ್ಟೇರಿಂಗ್ ಹಿಡಿದ ಹೆಂಡತಿ ಹೊಸ ಕಪ್ಪು ಕನ್ನಡಕ ಸರಿಮಾಡಿಕೊಂಡಳು. ಮದುವೆಯಾದಾಗಿನಿಂದ ಅವಳು ಸಮುದ್ರ ನೋಡಬೇಕೆಂದು ಕಾದಿದ್ದಳು. "ಬರಲ್ಲ ಕಣ್ರೀ, ಎಷ್ಟು ಸಲ ಹೇಳೋದು! ಬಂದ್ರೆ ಜೋರಾಗಿ ತುಳೀರಿ."

"ಶಾರ್ಕಿಗೂ ಒಂದು ನಾಲಿಗೆ ರುಚಿ ಅಂತ ಇರತ್ತಪ್ಪ" ಎಂದರು ಹಿಂದಿನ ಸೀಟಿನ ಕೃಷ್ಣಯ್ಯ. ಎದುರು ಮನೆಯವರು, ಖರ್ಚಿಲ್ಲದೆ ಶಿವನ ದರ್ಶನವಾಗುತ್ತದೆಂದು ಎಲ್ಲರಿಗಿಂತ ಮೊದಲೇ ಹತ್ತಿ ಕೂತಿದ್ದರು. "ನಡೀರಮ್ಮ, ಸಂಜೆ ಮಂಗಳಾರತಿಗೆ ಮುಟ್ಟಬೇಕು." ಅಷ್ಟು ಹೇಳಿ ನಶ್ಯದ ಡಬ್ಬಿ ತೆಗೆದರು.

ಆರತಿ ತಟ್ಟೆ ಹಿಡಿದ ಬೋರಮ್ಮ ಮಗನ ಕಿಟಕಿಯಲ್ಲಿ ಬಗ್ಗಿದಳು. ಭೈರೇಶ ಎರಡೂ ಕಾಲನ್ನು ಸೀಟಿನ ಮೇಲಕ್ಕೆ ಎಳೆದುಕೊಂಡು, ಮೀನಖಂಡಗಳನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದ. ಚಿಕ್ಕವನಿದ್ದಾಗ ಹೊಲದ ಬದುವಿನಲ್ಲಿ ನಾಯಿ ಕಚ್ಚಿದ ಮೇಲೆ, ಉಣ್ಣುವಾಗಲೂ ಹೀಗೇ ಕೂರುತ್ತಿದ್ದ.

"ಯಾಕ್ಲಾ ಮಗ, ಕಾಲು ಮೇಲಿಟ್ಕೊಂಡಿದೀಯಾ?"

"ಏನಿಲ್ಲ ಕಣವ್ವ, ಹಂಗೇ."

ಅವ್ವನ ಕಣ್ಣು ತಪ್ಪಿಸಿ ಬೀದಿ ನೋಡಿದ. ಇಷ್ಟು ಜನರೆದುರು ಮಾನ ಕಳೆದುಕೊಳ್ಳುವುದಕ್ಕಿಂತ ಶಾರ್ಕ್ ನುಂಗುವುದೇ ಮೇಲು ಅನ್ನಿಸಿತು. ಮರುಕ್ಷಣವೇ ಹಾಗನ್ನಿಸಲಿಲ್ಲ.

ಬೋರಮ್ಮ ಮಗನ ಕಾಲುಗಳನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು ಹಿಂದಿನ ಕಿಟಕಿಗೆ ಹೋಗಿ ಕೈ ಚಾಚಿದಳು. "ಕೃಷ್ಣಯ್ಯೋರೇ, ಒಂದು ಚಿಟಿಕೆ ನಶ್ಯ ಕೊಡಿ."

ಕೃಷ್ಣಯ್ಯ ಬೆರಗಾದರು. ನಶ್ಯದ ವಾಸನೆ ಆಗದೆಂದು ಅವರನ್ನು ಇಷ್ಟು ವರ್ಷ ಜಗುಲಿಯಿಂದಾಚೆಗೇ ಮಾತಾಡಿಸಿ ಕಳಿಸಿದವಳು ಈಕೆ. ಅವರು ಡಬ್ಬಿ ಮುಂದೆ ಹಿಡಿದದ್ದೇ ತಡ, ಬೋರಮ್ಮ ಮೂರು ಬೆರಳಲ್ಲಿ ಬಾಚಿ ಮೂಗಿಗೇರಿಸಿದಳು.

ಆ ಸೀನಿಗೆ ಕರೆಂಟ್ ತಂತಿಯ ಕಾಗೆಗಳೆಲ್ಲ ಹಾರಿಹೋದವು. ಬೆಕ್ಕಿಗೂ ಎಚ್ಚರವಾಯಿತು. "ಅಯ್ಯೋ, ಒಂಟಿ ಸೀನು!" ಎಂದು ಬೀದಿಯವರು ಕೆನ್ನೆ ಬಡಿದುಕೊಂಡರು.

"ಛೆ! ಏನ್ಮಾಡೋದು, ಅವ್ವನ ಮಾತು ಮೀರೋಕಾಗತ್ತಾ?" ಎಂದು ಭೈರೇಶ ಬಾಗಿಲಿನ ಹಿಡಿಗೆ ಕೈ ಹಾಕಿದ. ಅವ್ವ ಇನ್ನೂ ಬಾಯೇ ಬಿಟ್ಟಿರಲಿಲ್ಲ.

"ತಾಳಪ್ಪಾ!" ಕೃಷ್ಣಯ್ಯ ಹಿಂದಿನಿಂದ ಅವನ ಕಾಲರ್ ಹಿಡಿದರು. "ಒಂಟಿ ಸೀನಾದ್ರೆ ಅಪಶಕುನ. ಇನ್ನೊಂದು ಬಂದ್ರೆ ಜೋಡಿಯಾಗತ್ತೆ, ಧಾರಾಳವಾಗಿ ಹೊರಡಬಹುದು. ನನ್ನ ನಶ್ಯ ಯಾವತ್ತೂ ಒಂದಕ್ಕೆ ನಿಲ್ಲಿಸಿಲ್ಲ."

ಸ್ಪಂದನಳ ಕೈ ಕೀಲಿಯ ಮೇಲೇ ಇತ್ತು. ಇಡೀ ಬೀದಿ ಬೋರಮ್ಮನ ಮೂಗನ್ನೇ ನೋಡುತ್ತ ನಿಂತಿತು.

ಮೂಗಿನ ಹೊಳ್ಳೆಗಳು ಅರಳಿದವು, ಕಣ್ಣಲ್ಲಿ ನೀರು ತುಂಬಿತು. ಬೋರಮ್ಮ ಸೆರಗನ್ನು ಉಂಡೆ ಮಾಡಿ ಎರಡೂ ಕೈಯಲ್ಲಿ ಮೂಗನ್ನು ಅದುಮಿ ಹಿಡಿದಳು. ಮುಖ ಕೆಂಪೇರಿ, ಮೈಯೆಲ್ಲ ಅದುರುತ್ತಿದ್ದರೂ ಕೈ ಸಡಿಲಿಸದೆ ಮಗನತ್ತ ತಿರುಗಿದಳು.

"ಬೇಗ ಇಳಿಯೋ ಮಗಾ," ಎಂದಳು ಸೆರಗಿನೊಳಗಿಂದಲೇ, "ತಡ್ಯಕ್ಕಾಗ್ತಾ ಇಲ್ಲ!"