ಒಬ್ಬ ಕಡಿಮೆ

ಅಮೆರಿಕದ ಅಯೋವಾದ ಆ ಶಾಲೆಯ ಹಾಲ್‌ನಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಸಭೆ; ಕಣದಲ್ಲಿದ್ದ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಮೂಲೆ. ಅಲ್ಲಿ ನಿಂತವರ ತಲೆ ಎಣಿಸುವುದೇ ಮತದಾನ. ಐನಾರ್ ನಿಂತಿದ್ದ ಮೂಲೆ ಕಣದಲ್ಲಿ ಉಳಿಯಲು ಬೇಕಾದ ಸಂಖ್ಯೆಗೆ ಒಬ್ಬ ಕಡಿಮೆ ಬಿದ್ದಿದ್ದ. ಎದುರು ಮೂಲೆಯಲ್ಲಿದ್ದ ತಮ್ಮ ಲೈಲ್‌ನೊಂದಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಆದರೂ ಅವನನ್ನು ತನ್ನ ಮೂಲೆಗೆ ಕರೆಯಲು ಐನಾರ್ ಹೊರಟ. ಲೈಲ್ ಕೂಡ ಹಾಲ್‌ನ ನಡುವಿನವರೆಗೆ ಬಂದ.

"ನಮ್ಮೋನು ಎದುರು ಪಕ್ಷದವರನ್ನೂ ಕೂರಿಸ್ಕೊಂಡು ಕಾನೂನು ಮಾಡ್ದೋನು ಕಣೋ. ಹೊರದೇಶದಲ್ಲಿ ಅಮೆರಿಕದ ಮಾತಿಗೆ ಬೆಲೆ ಬರ್ಬೇಕಂದ್ರೆ ಅಂಥೋನೇ ಬೇಕು," ಎಂದ ಐನಾರ್.

"ಎರಡು ದೋಣೀಲಿ ಕಾಲಿಟ್ಟೋನು ಅನ್ನು," ಲೈಲ್ ನಕ್ಕ. "ಅವ್ನು ಎದುರಾಳಿಗಳನ್ನೂ ಮಾತಾಡಿಸ್ತಾನೆ, ಸರಿ. ನಿಂಗೆ ಸ್ವಂತ ತಮ್ಮನ್ನ ಮಾತಾಡ್ಸೋಕೆ ಒಂದು ಓಟು ಕಡಿಮೆ ಬೀಳ್ಬೇಕಾಯ್ತೇನಣ್ಣ?"

ಐನಾರ್ ಎದೆಯ ಮೇಲಿದ್ದ ಅಭ್ಯರ್ಥಿಯ ಬಿಲ್ಲೆಯನ್ನು ಮೆಲ್ಲಗೆ ಬಿಚ್ಚಿ ಜೇಬಿಗೆ ಹಾಕಿಕೊಂಡ. "ಮಂಡಿನೋವು ಹೇಗಿದೆಯೋ ಈಗ?"

ಸೀಟಿ ಊದಿ ತಲೆ ಎಣಿಸಿದಾಗಲೂ ಅಣ್ಣತಮ್ಮ ಹಾಲ್‌ನ ನಡುವೆಯೇ ಮಾತಾಡುತ್ತಿದ್ದರು. ಎರಡೂ ಮೂಲೆಗಳಲ್ಲಿ ಮೊದಲಿಗಿಂತ ಒಬ್ಬೊಬ್ಬರು ಕಡಿಮೆಯಿದ್ದರು.