ಬೇಟೆಯ ವಾರದ ಪಂದ್ಯ

ಎರಡು ಗಂಟೆಗೆ ಫುಟ್‌ಬಾಲ್ ಪಂದ್ಯ. ಎರಡಕ್ಕೆ ಐದು ನಿಮಿಷವಿದ್ದಾಗ ಕೋಚ್ ಸಿಗ್ರುನ್ ಮೈದಾನದಲ್ಲಿದ್ದ ತನ್ನ ಆಟಗಾರರನ್ನು ನಾಲ್ಕನೆಯ ಸಲ ಎಣಿಸಿದಳು. ಆರೇ ಜನ. ಎಣಿಸಿದರೆ ಹೆಚ್ಚುವುದಿಲ್ಲ ಎಂದು ಗೊತ್ತಿದ್ದೂ ಎಣಿಸುತ್ತಿದ್ದಳು. ಏಳು ಜನ ಇಲ್ಲದೆ ಪಂದ್ಯ ಶುರುವಾಗುವಂತಿಲ್ಲ. ಜೂನ್ ತಿಂಗಳಲ್ಲಿ ಒಮ್ಮೆ ಹೀಗೇ ಆಗಿತ್ತು. ಇನ್ನೊಮ್ಮೆ ಆದರೆ ತಂಡದ ಹೆಸರನ್ನೇ ಲೀಗ್‌ನಿಂದ ಹೊಡೆದುಹಾಕುತ್ತಾರೆ.

ತಪ್ಪು ಅವಳದೇ. ನಾರ್ವೆಯ ಈ ಕಣಿವೆಯಲ್ಲಿ ಎಲ್ಕ್ ಎಂಬ ದೈತ್ಯ ಜಿಂಕೆಯ ಬೇಟೆ ಶುರುವಾಗುವ ವಾರ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ; ಸಾಯುವವರೂ ಒಂದು ವಾರ ತಡೆದು ಸಾಯುತ್ತಾರೆಂದು ಮಾತಿದೆ. ಅಂಥ ವಾರದ ಶನಿವಾರ ಪಂದ್ಯವಿಡಲು ಈ ಪುಣ್ಯಾತ್ಗಿತ್ತಿ ಏಪ್ರಿಲ್‌ನಲ್ಲೇ, ಕ್ಯಾಲೆಂಡರನ್ನೂ ತೆರೆಯದೆ, ಸರಿ ಎಂದು ಒಪ್ಪಿಬಿಟ್ಟಿದ್ದಳು. ಈಗ ಉಳಿದ ಒಂಬತ್ತು ಆಟಗಾರರು ಕೋವಿ ಹಿಡಿದು ಮೇಲಿನ ಕಾಡಿನಲ್ಲಿ ಕೂತಿದ್ದರು.

ಎದುರು ತಂಡದವರು ಕ್ರೀಡಾ ಸಂಘದ ತಿಂಡಿ ಮಾರುವ ಕಿಟಕಿಯ ಬಳಿ ನಿಂತು ವಾಫಲ್ ತಿನ್ನುತ್ತಿದ್ದರು. ರೆಫರಿ ಹುಡುಗಿ ಗಡಿಯಾರ ನೋಡಿಕೊಂಡಳು. "ಹದಿನೈದು ನಿಮಿಷ ಕಾಯ್ತೀನಿ. ಆಮೇಲೆ ನನ್ನ ಕೈಯಲ್ಲೂ ಏನಿಲ್ಲ."

ಸಿಗ್ರುನ್ ಅಣ್ಣ ಓಡ್ವರ್‌ಗೆ ಫೋನ್ ಮಾಡಿದಳು. ಅವನು ಬೇಟೆಯ ಮುಖಂಡ. ಅದೇ ಕ್ರೀಡಾ ಸಂಘದ ಸ್ಕೀ ವಿಭಾಗದ ಮುಖ್ಯಸ್ಥನೂ ಹೌದು. ಫುಟ್‌ಬಾಲ್ ತಂಡ ಮುಳುಗಿದರೆ ಮೈದಾನ ಸ್ಕೀ ವಿಭಾಗಕ್ಕೆ ಸೇರಬೇಕೆಂದು ವಾರ್ಷಿಕ ಸಭೆಯಲ್ಲಿ ಮೇಜು ಕುಟ್ಟಿ ಬರೆಸಿದವನು.

"ಅಣ್ಣಾ, ಒಬ್ಬನ್ನ ಕಳಿಸು. ಒಬ್ಬನೇ ಸಾಕು."

"ಮೆತ್ತಗೆ ಮಾತಾಡೇ," ಅವನು ಪಿಸುಗುಟ್ಟಿದ. "ಬೆಳಗ್ಗೆಯಿಂದ ಇಲ್ಲಿ ಒಬ್ಬನೂ ಕೆಮ್ಮಿಲ್ಲ. ಎಲ್ಕ್ ಹತ್ರದಲ್ಲೇ ಇದೆ."

"ನನ್ನ ಗೋಲ್‌ಕೀಪರ್ ಕೂಡ ಹತ್ರದಲ್ಲೇ ಇದಾನಲ್ಲ."

"ಬೆಟ್ಟದ ತುದೀಲಿದಾನೆ. ಇಳಿಯೋಕೆ ಎರಡು ಗಂಟೆ ಬೇಕು. ಮಧ್ಯದಲ್ಲಿ ಜಾಗ ಬಿಟ್ಟು ಓಡಾಡಿದ್ರೆ, ಎಲ್ಕ್ ಅಂದ್ಕೊಂಡು ಅವನಿಗೇ ಯಾರಾದ್ರೂ ಗುಂಡು ಹಾಕ್ತಾರೆ. ಬೇಟೆ ವಾರದಲ್ಲಿ ಮ್ಯಾಚ್ ಇಟ್ಟ ಆ ಜಾಣೆ ಯಾರು?"

"ನಾನೇ. ಬೈಯೋದಾದ್ರೆ ನಾಳೆ ಬೈ."

ಫೋನ್ ಕಟ್ಟಾಯಿತು. ಸಿಗ್ರುನ್ ಗೇಟಿನವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಹದಿನೆಂಟು ವರ್ಷ ಈ ಹುಲ್ಲಿಗೆ ಗೆರೆ ಹಾಕಿದವಳು ಅವಳು. ಮುಂದಿನ ವರ್ಷ ಇಲ್ಲಿ ಗೋಲಿನ ಕಂಬಗಳೇ ಇರುವುದಿಲ್ಲ ಎಂದುಕೊಂಡಾಗ ಅಳು ಬಂತು. ಅಣ್ಣನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ರೆಫರಿ ಬ್ಯಾಗಿನಿಂದ ಕಾಗದ ತೆಗೆದು ಪೆನ್ನು ಹುಡುಕತೊಡಗಿದಳು.

ಎರಡು ಗಂಟೆ ಹದಿಮೂರು ನಿಮಿಷಕ್ಕೆ ಒಂದು ಜೀಪು ಬಂದು ಗಕ್ಕನೆ ನಿಂತಿತು. ಕಿತ್ತಳೆ ಬಣ್ಣದ ಬೇಟೆಯಂಗಿ, ಗಂಬೂಟು, ಐವತ್ತಾರು ವರ್ಷದ ಹೊಟ್ಟೆ. ಇಳಿದವನು ಓಡ್ವರ್.

"ರಸ್ತೆ ಪಕ್ಕ ಇದ್ದೋನು ನಾನೊಬ್ಬನೇ," ಎಂದ. "ನಾನು ವಾಪಸ್ ಬರೋವರೆಗೂ ಯಾರೂ ಅಲ್ಲಾಡಬೇಡಿ ಅಂತ ರೇಡಿಯೋದಲ್ಲಿ ಹೇಳಿ ಬಂದಿದೀನಿ. ನನ್ನ ಹೆಸರು ಪಟ್ಟೀಲಿದ್ಯಾ?"

"ಇದೆ. ಸಂಘದಲ್ಲಿ ಎರಡು ಕಾಲಿರೋರ ಹೆಸರೆಲ್ಲ ಬರೆಸಿದೀನಿ."

"ಒಂದು ಮಾತು ಕೇಳದೆ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ." ಅವಳು ಅವನ ಮುಖ ನೋಡಿದಳು. "ಮೈದಾನ ಬೇಡ್ವಾ ನಿನಗೆ?"

"ಬೇಕು. ಸಭೇಲಿ ಜಗಳ ಆಡಿ ತಗೋತೀನಿ. ಹೀಗೆ ಬೇಡ."

ಯಾರದೋ ಬೂಟು ಹಾಕಿಕೊಂಡು ಅವನು ಗೋಲಿನಲ್ಲಿ ನಿಂತ. ಬೇಟೆಗಾರರ ಜೊತೆ ಮಾತಾಡುವ ರೇಡಿಯೋವನ್ನು ಬಲೆಗೆ ಸಿಕ್ಕಿಸಿದ. ಹೆಬ್ಬಾಗಿಲು ತೆರೆದಿಟ್ಟ ಮನೆಗೆ ನುಗ್ಗಿದಂತೆ ಚೆಂಡು ಒಳಗೆ ನುಗ್ಗುತ್ತಲೇ ಇತ್ತು. ಆಗಾಗ ರೇಡಿಯೋ ಪಿಸುಗುಟ್ಟುತ್ತಿತ್ತು: "ಎಷ್ಟಾಯ್ತು?"

"ಆರು. ಸುಮ್ನೆ ಕೂತ್ಕೊಳ್ರೋ."

ಗೋಲುಗಳ ಲೆಕ್ಕ ಸಿಗ್ರುನ್‌ಗೆ ಬೇಕಿರಲಿಲ್ಲ. ಸೋಲು ಅವಳಿಗೆ ಹೊಸದಲ್ಲ. ಕೊನೆಯ ಸೀಟಿಯವರೆಗೆ ಏಳು ಜನ ಮೈದಾನದಲ್ಲಿದ್ದರೆ ಸಾಕಿತ್ತು. ಆಟ ಮುಗಿಯಲು ಕಾಲು ಗಂಟೆ ಇದ್ದಾಗ ಅವಳ ಆಟಗಾರ ಯೋರುಂಡ್‌ನ ಪಾದ ಉಳುಕಿತು. ಅವನು ಹೊರಗೆ ಬಂದರೆ ಅಲ್ಲಿಗೆ ಎಲ್ಲ ಮುಗಿದಂತೆ. ಅವಳು ಗೆರೆಯುದ್ದಕ್ಕೂ ಓಡಿದಳು.

"ಕೂರಬೇಡ ಮಾರಾಯ. ಓಡೋದೂ ಬೇಡ. ಸುಮ್ನೆ ನಿಂತಿರು."

"ಎಲ್ಲಿ ನಿಂತಿರ್ಲಿ?"

"ಎಲ್ಲಾದ್ರೂ ನಿಂತ್ಕೊ, ಬೀಳಬೇಡ."

ಹಿಂದಕ್ಕೆ ಬರಲಾಗದೆ ಅವನು ಎದುರಾಳಿಗಳ ಗೋಲಿನ ಹತ್ತಿರವೇ ಒಂಟಿಗಾಲಿನ ಕೊಕ್ಕರೆಯಂತೆ ನಿಂತ. ಅವನ ಕಡೆ ಯಾರೂ ತಿರುಗಿ ನೋಡಲಿಲ್ಲ. ಸಿಗ್ರುನ್ ಮಾತ್ರ ಅವನ ಕಾಲಿನ ಮೇಲಿಟ್ಟ ಕಣ್ಣು ಕೀಳಲಿಲ್ಲ. ಅವನು ಓಲಾಡಿದಾಗಲೆಲ್ಲ ಇವಳೂ ಆ ಕಡೆಗೆ ವಾಲುತ್ತಿದ್ದಳು. ಒಂಬತ್ತು–ಸೊನ್ನೆ. ಇನ್ನೊಂದು ನಿಮಿಷ. ಎದುರು ತಂಡದವನೊಬ್ಬ ಉದಾಸೀನದಿಂದ ಚೆಂಡನ್ನು ತನ್ನ ಗೋಲ್‌ಕೀಪರ್ ಕಡೆಗೆ ತಳ್ಳಿದ. ಅದು ನೇರವಾಗಿ ಯೋರುಂಡ್‌ನ ಬಳಿಗೆ ಬಂತು. ಅವನು ಒಳ್ಳೆಯ ಕಾಲಿನಿಂದ ಒದ್ದು, ಒದ್ದ ರಭಸಕ್ಕೆ ಅಂಗಾತ ಬಿದ್ದ. ಚೆಂಡು ಬಲೆಯಲ್ಲಿತ್ತು. ರೆಫರಿ ಕೊನೆಯ ಸೀಟಿ ಊದಿದಳು.

ಸಿಗ್ರುನ್ ಇದ್ದಲ್ಲೇ ಹುಲ್ಲಿನ ಮೇಲೆ ಕೂತಳು. ಆಚೆ ತುದಿಯಲ್ಲಿ ಓಡ್ವರ್ ರೇಡಿಯೋಕ್ಕೆ ಬಾಯಿ ಹಚ್ಚಿ, ಕಾಡಿನ ಅಭ್ಯಾಸದಂತೆ, ಪಿಸುಗುಟ್ಟಿದ: "ನಾವೂ ಒಂದು ಹೊಡೆದ್ವಿ. ತಂಡ ಉಳೀತು."

ಮರುಕ್ಷಣ ಬೆಟ್ಟದ ಆ ತುದಿಯಿಂದ ಈ ತುದಿಯವರೆಗೆ, ಒಂದೊಂದು ಮರದ ಬುಡದಿಂದಲೂ, ಹದಿನಾಲ್ಕು ಗಂಡಸರು ಗಂಟಲು ಹರಿಯುವಂತೆ ಕೂಗಿದರು. ನಾಯಿಗಳು ಬೊಗಳಿದವು, ಹಕ್ಕಿಗಳು ಗುಂಪು ಗುಂಪಾಗಿ ಮೇಲೆದ್ದವು. ಕೂಗು ನಿಲ್ಲಲೇ ಇಲ್ಲ.

ಓಡ್ವರ್ ತಂಗಿಯ ಪಕ್ಕ ಬಂದು ಕಾಡಿನ ಕಡೆ ನೋಡುತ್ತ ನಿಂತ.

"ಹೋಯ್ತು," ಎಂದ. "ಇನ್ನು ಆ ಎಲ್ಕ್‌ಗಳು ಸ್ವೀಡನ್ ಮುಟ್ಟೋವರೆಗೂ ನಿಲ್ಲಲ್ಲ."