ದೋಣಿಯ ಬಾಲಗಳು

ಗಂಗೊಳ್ಳಿಯಲ್ಲಿ ದೋಣಿಗಳು ಓಡುವುದು ತಳದ ಲೋಳೆಯಿಂದ. ಅದರೊಳಗಿನ ಕೋಟಿಗಟ್ಟಲೆ ಜೀವಾಣುಗಳು ಬೆಲ್ಲದ ರುಚಿ ಹಿಡಿದು, ಬಾಲ ತಿರುಗಿಸಿ ದೋಣಿಯನ್ನು ಅತ್ತ ತಳ್ಳುತ್ತವೆ. ಘಟ್ಟದ ಮೇಲಿನಿಂದ ಬಂದ ಹೊಸ ಸೊಸೆ ವನಜಳಿಗೆ ಇದು ಗೊತ್ತಿತ್ತು. ಆದರೂ ಬೆಳಿಗ್ಗೆ ಆ ಲೋಳೆ ಕಂಡದ್ದೇ ತಡ, ಕೊಳೆ ತೊಳೆಯುವ ಅಭ್ಯಾಸಕ್ಕೆ ತೆಂಗಿನ ನಾರು ಹಾಕಿ ತಿಕ್ಕಿಬಿಟ್ಟಳು.

ಅತ್ತೆ ಬಾಬಿ ಮೀನಿನ ಬುಟ್ಟಿಯೊಂದಿಗೆ ಬಂದು, ದೋಣಿಯ ಮುಂದೆ ಎಂದಿನಂತೆ ಬೆಲ್ಲದ ಗಂಟು ಇಳಿಬಿಟ್ಟಳು. ದೋಣಿ ಅಲುಗಲಿಲ್ಲ. ಆಚೆ ದಡದ ಸಂತೆ ಹತ್ತು ಗಂಟೆಗೆಲ್ಲ ಮುಗಿಯುತ್ತಿತ್ತು.

"ನಾನೇ ತೊಳೆದೆ ಅತ್ತೆ," ವನಜ ನಾರನ್ನು ಕೆಳಗಿಟ್ಟಳು. "ಎಲ್ಲಾ ಸತ್ತೋದ್ವಾ?"

ಬಾಬಿ ತಳವನ್ನು ಬೆರಳಲ್ಲಿ ಸವರಿದಳು. ಹಲಗೆಯ ಸಂದಿಯಲ್ಲಿ ಇನ್ನೂ ಅಂಟಿತ್ತು.

"ಸಾಯ್ಲಿಲ್ಲೆ ಮಗಾ. ಬಾಲ ತುಂಡಾಯ್ತ್, ಅಷ್ಟೇ. ತುದಿಯಿಂದ ಮತ್ತೆ ಬೆಳಿತ್ತ್. ಬೆಲ್ಲ ನೀ ಹಿಡ್ಕೋ. ಬೆಳೂ ಹೊತ್ತಿಗೆ ಯಾರ್ ಕೈ ಬೆವರ್ ಸಿಕ್ತೋ, ಇನ್ ಅವರ್ ಹಿಂದೇ ಬಪ್ದ್."

"ಮೂವತ್ತು ವರ್ಷದಿಂದ ನಿಮ್ಮ ಹಿಂದೆ ಬರ್ತಿತ್ತಲ್ಲ!"

"ನಂಗೂ ಸೊಂಟ ನೋವ್. ಇನ್ಮೇಲೆ ನೀನೇ ನನ್ನ ಕರ್ಕೊಂಡ್ ಹೋಯ್ಕ್."

ಮೊಣಕಾಲುದ್ದ ನೀರಿನಲ್ಲಿ ನಿಂತು ವನಜ ಬೆಲ್ಲ ಹಿಡಿದ ಅಂಗೈಯನ್ನು ಮುಳುಗಿಸಿಯೇ ಇಟ್ಟಳು. ಬಿಸಿಲು ಏರಿತು. ಬಾಬಿ ಮೀನಿಗೆ ಮತ್ತೆ ಮತ್ತೆ ನೀರು ಚಿಮುಕಿಸಿದಳು, ಆದರೆ ಬೈಯಲಿಲ್ಲ. ಕೊನೆಗೆ ದೋಣಿ ನಡುಗಿ, ನಿಂತಲ್ಲೇ ಎರಡು ಸುತ್ತು ತಿರುಗಿ, ಮೆಲ್ಲಗೆ ಬಂದು ವನಜಳ ಅಂಗೈಗೆ ಮೂತಿ ತಾಗಿಸಿತು.

ಬಾಬಿ ಅಭ್ಯಾಸಬಲದಿಂದ ಇನ್ನೊಂದು ಬದಿಯಲ್ಲಿ ತನ್ನ ಕೈಯನ್ನೂ ಅದ್ದಿದಳು. ದೋಣಿ ಅವಳತ್ತ ತಿರುಗಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿ ಕುಳಿತಳು.

"ಹೋಪ ಮಗಾ. ಕಡೇ ಗಿರಾಕಿ ಸಿಕ್ರೂ ಸಾಕ್."